ಕೆನ್ನೆ ಡಾಕ್ಟರ ಬೆನ್ನುಬಿದ್ದ ಹಾಲಕ್ಕ

ಹಾಲಕ್ಕ ತನ್ನ ಕೆನ್ನೆಯನ್ನು ಕಂಡಕಂಡವರಿಗೆಲ್ಲ ಮುಟ್ಟಿಸುತ್ತಿದ್ದಳು. ಮುಟ್ಟಲು ಹಿಂಜರಿದವರ ಕೈಯನ್ನು ತಾನೇ ಎಳೆದು, ದವಡೆಯ ಹತ್ತಿರದ ಗಂಟಿನ ಮೇಲಿಟ್ಟು, "ಒತ್ತು, ಇನ್ನೂ ಒತ್ತು, ನೋವಾಗಲ್ಲ. ಗೋಟಡಿಕೆ ಇದ್ದಂಗೈತೋ ಇಲ್ಲೋ?" ಎಂದು ಕೇಳುತ್ತಿದ್ದಳು. ಹಾಗೆಯೇ ಇತ್ತು. ಎಡಗೆನ್ನೆಯಲ್ಲಿ ದೊಡ್ಡದೊಂದು ಗಂಟು, ಬಲಗೆನ್ನೆಯಲ್ಲಿ ಸಣ್ಣವು ಎರಡು, ಸುತ್ತ ಕಂದುಗಟ್ಟಿದ ಚರ್ಮ. ಬೇರೆ ಹೆಂಗಸಾಗಿದ್ದರೆ ಸೆರಗು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಹಾಲಕ್ಕ ಚೆನ್ನಾಗಿ ಕಾಣಲೆಂದು ಹಿಂದಕ್ಕೆ ಸರಿಸುತ್ತಿದ್ದಳು.

ಅವಳು ಬಸವಾಪಟ್ಟಣದವಳು. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಮಂಡಕ್ಕಿ ಚೀಲವನ್ನು ಬಸ್ಸಿನ ಟಾಪಿಗೆ ಹಾಕಿಸಿಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಸಂತೆ ಸಂತೆ ತಿರುಗುತ್ತಿದ್ದಳು. ಮಂಡಕ್ಕಿ ಒಂದು ನೆಪ. ಕೆನ್ನೆ ಡಾಕ್ಟರು ಯಾವ ಸಂತೆಗೆ ಹೋಗುತ್ತಾನೋ ಆ ಸಂತೆಗೆ ಅವಳು ಹೋಗುತ್ತಿದ್ದಳು. ಅವನ ಮಗ್ಗುಲಲ್ಲೇ ಗೋಣಿತಾಟು ಹಾಸುತ್ತಿದ್ದಳು.

ಕೆನ್ನೆ ಡಾಕ್ಟರು ಯಾವ ಊರಿನವನೋ, ಏನು ಓದಿದ್ದನೋ ಯಾರಿಗೂ ತಿಳಿಯದು. ಬಿಳಿ ಕೋಟು, ಮಡಚುವ ತಗಡಿನ ಕುರ್ಚಿ, ಸೀಮೆಎಣ್ಣೆ ಸ್ಟೌವಿನ ಮೇಲೆ ಕುದಿಯುವ ಸಿರಿಂಜು, ಹೆಸರಿನ ಚೀಟಿ ಕಿತ್ತುಹಾಕಿದ ಒಂದು ಬಾಟಲಿ. ಬತ್ತಿದ ಕೆನ್ನೆಗೆ ಸೂಜಿ ಚುಚ್ಚಿ ತುಂಬಿಸಿಕೊಡುತ್ತೇನೆ ಎನ್ನುವುದು ಅವನ ವ್ಯಾಪಾರ. ಮಗಳ ಮದುವೆಯ ಫೋಟೋದಲ್ಲಿ ಚೆಂದ ಕಾಣಬೇಕೆಂದು ಹಾಲಕ್ಕ ಅವನ ಕುರ್ಚಿಯ ಮೇಲೆ ಕೂತಿದ್ದಳು. ಫೋಟೋ ಚೆನ್ನಾಗಿಯೇ ಬಂದಿತ್ತು. ಅದರಲ್ಲಿ ಮದುಮಗಳಿಗಿಂತ ಅವಳಮ್ಮನೇ ಚೆಲುವೆ. ಅದರ ನಂತರ ಹಾಲಕ್ಕ ಫೋಟೋ ತೆಗೆಸಿಕೊಳ್ಳಲಿಲ್ಲ.

ನಾನು ಅವಳನ್ನು ಮೊದಲು ಕಂಡದ್ದು ಅದೇ ಕುರ್ಚಿಯ ಮೇಲೆ ಕೂತು. ನಲ್ಲೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, "ಹುಡುಗಿ ಮುಖದಾಗೆ ಕಳೆ ಇಲ್ಲ, ಕೆನ್ನೆ ಒಳಕ್ಕೆ ಹೋಗ್ಯಾವೆ" ಎಂದು ಎದ್ದು ಹೋಗಿದ್ದರು. ಅವ್ವ ನನ್ನನ್ನು ಚನ್ನಗಿರಿ ಸಂತೆಗೆ ಎಳೆದುಕೊಂಡು ಬಂದಳು. ಡಾಕ್ಟರು ನನ್ನ ಕೆನ್ನೆಗೆ ಸ್ಪಿರಿಟ್ ಒರೆಸಿ ಆಗಿತ್ತು. ಆಗ ಮಂಡಕ್ಕಿ ಚೀಲದ ಹಿಂದಿನ ಹೆಂಗಸು, ಅವನ ಕಡೆ ತಿರುಗಿಯೂ ನೋಡದೆ, ನನ್ನೊಂದಿಗೆ ಮಾತು ತೆಗೆದಳು.

"ಹಾಕಿಸ್ಕೊ ತಂಗಿ, ನಾ ಬ್ಯಾಡ ಅನ್ನಲ್ಲ. ಏನೇನಾಗ್ತೈತೆ ಅಂತ ಹೇಳ್ತೀನಿ ಅಷ್ಟೆ. ಇವತ್ತು ಕೆಂಜಿಗ ಕಚ್ಚಿದಂಗೆ ಉರಿತೈತೆ. ಬೆಳಗಾಗೋದ್ರಾಗೆ ಮುಖ ಬಾತು ಕಣ್ಣು ಮುಚ್ಚಿಹೋಗ್ತಾವೆ. ಹೆದರಬ್ಯಾಡ, ಇಳಿತೈತೆ. ಇಳಿದ ಮೇಲೆ ಕೆನ್ನೆ ಹೆಂಗೆ ಬರ್ತಾವೆ ಅಂತೀಯ, ಎಳೆ ಬದನೆಕಾಯಿ! ಸುಳ್ಳು ಯಾಕೆ ಹೇಳ್ಲಿ, ನಾನೂ ಕನ್ನಡಿ ಬಿಟ್ಟು ಏಳ್ತಿರಲಿಲ್ಲ. ಯುಗಾದಿ ಹಂಗೇ ಕಳಿತೈತೆ, ದೀಪಾವಳಿನೂ ಕಳಿತೈತೆ. ಆಮೇಲೆ ಒಂದಿನ ಮುಖ ತೊಳೆಯಾಕೆ ಹೋದಾಗ ಬೆರಳಿಗೆ ಕಡಲೆಕಾಳಿನಂಥದ್ದು ತಗಲ್ತೈತೆ. ಗುಳ್ಳೆ ಅಂದ್ಕೊಂತೀಯ. ಗುಳ್ಳೆ ಅಲ್ಲ ಅದು. ದಿನಾ ದಿನಾ ಬಲಿತು, ಕೆಳಕ್ಕೆ ಇಳ್ಕೊಂಡು, ದವಡೆ ಹತ್ರ ಬಂದು ಕೂರ್ತೈತೆ. ಆಮೇಲೆ ಹೋಗಲ್ಲ. ಎಲ್ಲಿ, ಕೈ ಕೊಡು."

ಕೈ ಕೊಟ್ಟೆ. ಮುಟ್ಟಿದೆ. ಕುರ್ಚಿಯಿಂದ ಎದ್ದುಬಿಟ್ಟೆ.

"ಏನಮ್ಮಾ ನಿನ್ನ ಕಾಟ!" ಎಂದು ಡಾಕ್ಟರು ಸಿರಿಂಜು ಹಿಡಿದುಕೊಂಡೇ ಕೂಗಿದ. "ನಿನ್ನ ರಕ್ತ ಕೆಟ್ಟಿದ್ರೆ ನಾನೇನು ಮಾಡಾಕಾಗ್ತೈತೆ?"

"ನನ್ನ ರಕ್ತ ಕೆಟ್ಟೈತೆ, ಒಪ್ಕೊಂಡೆ. ನಿಮ್ಮ ಕೆನ್ನೆ ಯಾಕೆ ಸ್ವಾಮಿ ಗುಂಡಿ ಬಿದ್ದಾವೆ? ಆ ಬಾಟಲಿಯಾಗಿಂದು ನೀವೂ ಒಂದಿಷ್ಟು ಹಾಕ್ಕೊಳ್ರಿ. ನಾನೇ ಚುಚ್ತೀನಿ, ನೋವಾಗದಂಗೆ."

ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಮುಂದೆ ಅವಳು ಬಹುವಚನ ಬಿಟ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ. "ಬೈದ್ರೆ ಜನ ಅವನ ಕಡೆ ಆಗ್ತಾರೆ ಕಣೆ. ರೀ ಅಂದು ನೋಡು, ಹೆಂಗೆ ಉರ್ಕಂತಾನೆ" ಎನ್ನುತ್ತಿದ್ದಳು.

ಮುಂದೆ ನನ್ನ ಕೆನ್ನೆಯ ಗೊಡವೆಗೆ ಹೋಗದ ಒಬ್ಬರು ಸಿಕ್ಕು, ನಾನು ಹೊನ್ನಾಳಿಗೆ ಸೊಸೆಯಾಗಿ ಬಂದೆ. ಹೊನ್ನಾಳಿ ಸಂತೆ ಮುಗಿಸಿದ ಹಾಲಕ್ಕ ನಮ್ಮ ಮನೆಯಲ್ಲಿ ಊಟ ಮಾಡಿಯೇ ಬಸ್ಸು ಹತ್ತುತ್ತಿದ್ದಳು. ಉಣ್ಣುತ್ತಾ ಒಂದು ದಿನ ಒಳಗಿನದನ್ನು ಹೇಳಿದಳು. ದಾವಣಗೆರೆಯಲ್ಲಿ ಒಬ್ಬ ದೊಡ್ಡ ಡಾಕ್ಟರಿಗೆ ಮುಖ ತೋರಿಸಿದ್ದಳಂತೆ. ಒಳಗೆ ಏನು ಹಾಕಿದ್ದಾನೆಂದು ಗೊತ್ತಾಗದೆ ಕತ್ತರಿ ಹಾಕುವುದಿಲ್ಲ, ಔಷಧಿಯ ಹೆಸರು ತಿಳಿದುಕೊಂಡು ಬನ್ನಿ, ಆಮೇಲೆ ನೋಡೋಣ ಎಂದರಂತೆ. ಕೆನ್ನೆ ಡಾಕ್ಟರನನ್ನು ಕೇಳಿದರೆ, "ಅದು ನಮ್ಮ ವೃತ್ತಿ ಗುಟ್ಟು" ಎಂದು ಬೆನ್ನು ತಿರುಗಿಸಿದ್ದ.

"ಹೆಸರು ಹೇಳೋತಂಕ ಬಿಡಲ್ಲ," ಎಂದಳು ಹಾಲಕ್ಕ. "ಕೈಕಾಲು ಹಿಡಿದು ಕೇಳೋಳಲ್ಲ ನಾನು. ಅವನ ಹೊಟ್ಟೆ ಮೇಲೆ ಕೂತು ಕೇಳ್ತೀನಿ."

ಹಾಗೇ ಕೂತಳು. ಅವನು ಸಂತೆ ಬದಲಿಸಿದರೆ ಇವಳೂ ಬದಲಿಸಿದಳು. ಅವನ ಕುರ್ಚಿ ಖಾಲಿ ಬೀಳತೊಡಗಿತು.

ಜಗಳೂರಿನಲ್ಲಿ ನನ್ನ ನಾದಿನಿಯ ಮನೆ. ಒಮ್ಮೆ ಅಲ್ಲಿಗೆ ಹೋದವಳು ಸಂತೆಯಲ್ಲಿ ಹಾಲಕ್ಕನ ಪಕ್ಕ ಕೂತಿದ್ದೆ. ಡಾಕ್ಟರನ ಕುರ್ಚಿಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಕೂತಿದ್ದಳು, ಗಂಡ ಹಿಂದೆ ನಿಂತಿದ್ದ. ಸ್ಟೌವಿನಿಂದ ಸಿರಿಂಜು ತೆಗೆಯಬೇಕಾದ ಡಾಕ್ಟರು ನಮ್ಮ ಕಡೆ ಬಂದು ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವನ ಕೋಟಿನ ಕೊರಳು ಹರಿದಿತ್ತು.

"ಹಾಲಮ್ಮೋರೇ," ಎಂದ, ಮೆತ್ತಗೆ. "ಹೆಸರು ಹೇಳ್ತೀನಿ. ಈಗಲೇ, ಕಿವಿಯಾಗೆ. ಈ ಹುಡುಗಿದೊಂದು ಮುಗಿಯೋತಂಕ ಬಾಯಿ ಮುಚ್ಕೊಂಡಿರ್ರಿ. ನಾಳೆಯಿಂದ ನನ್ನ ಸಂತೆಗೆ ಬರಬ್ಯಾಡ್ರಿ. ನಿಮ್ಮ ಮುಖ ನಿಮಗೆ, ನನ್ನ ಹೊಟ್ಟೆಪಾಡು ನನಗೆ."

ನಾನು ಹಾಲಕ್ಕನ ತೊಡೆ ಜಿಗುಟಿದೆ. ಒಪ್ಪಿಕೋ ಎಂದು ಇನ್ನೊಮ್ಮೆ ಜಿಗುಟಿದೆ. ಅವಳು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಸಣ್ಣ ಗಂಟುಗಳ ಕಡೆಯಿಂದ ನಿಧಾನವಾಗಿ ಅಗಿದಳು. ನುಂಗಿದಳು. ಡಾಕ್ಟರನ ಹೆಗಲ ಮೇಲಿಂದ ಕತ್ತು ಚಾಚಿ ಕೂಗಿದಳು.

"ಹಾಕಿಸ್ಕೊ ತಂಗಿ, ನಾ ಬ್ಯಾಡ ಅನ್ನಲ್ಲ. ಏನೇನಾಗ್ತೈತೆ ಅಂತ ಹೇಳ್ತೀನಿ ಅಷ್ಟೆ..."

ದವಡೆಯವರೆಗೂ ಹೇಳಿದಳು. ಹುಡುಗಿಯ ಕೈಯನ್ನೂ ಎಳೆದು ಮುಟ್ಟಿಸಿದಳು. ಗಂಡ ಹೆಂಡತಿ ಎದ್ದು ಹೋದರು. ಡಾಕ್ಟರು ಸ್ಟೌವು ಆರಿಸಿದ, ಕುರ್ಚಿ ಮಡಚಿದ. ಆಮೇಲೆ ಸುತ್ತಲಿನ ಯಾವ ಸಂತೆಯಲ್ಲೂ ಅವನನ್ನು ಕಂಡವರಿಲ್ಲ. ಹೆಸರೂ ಅವನ ಜೊತೆಗೇ ಹೋಯಿತು.

ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಆ ಹುಡುಗಿ ಮುಖ ಉಳಿಸಾಕೆ ಹೋಗಿ ನಿನ್ನ ಮುಖ ಕಳ್ಕೊಂಡೆಯಲ್ಲಕ್ಕ!"

"ಯಾವ ಹುಡುಗಿ?" ಎಂದಳು ಹಾಲಕ್ಕ. "ನಾ ಅವಳ ಮುಖ ಸರಿಯಾಗಿ ನೋಡ್ಲೂ ಇಲ್ಲ. ಅವನು ಕುರ್ಚಿ ಮಡಚೋದು ನೋಡಬೇಕಿತ್ತು ನಂಗೆ. ಮಡಚಿದ."

ಎಂಬತ್ತರ ದಶಕದ ನಡುವಿನಲ್ಲಿ ಒಂದು ಮಧ್ಯಾಹ್ನ ಅವಳು ಕೊನೆಯ ಸಲ ನಮ್ಮ ಮನೆಗೆ ಬಂದಳು. ಮೈ ಸೊರಗಿತ್ತು. ಗಂಟುಗಳು ಜಗ್ಗಿ ಎಡಗಣ್ಣಿನ ಅಂಚು ಕೆಳಕ್ಕಿಳಿದಿತ್ತು. ಆದರೆ ಹಬ್ಬದೂಟ ಉಂಡು ಬಂದವಳಂತೆ ಹಿಗ್ಗುತ್ತಿದ್ದಳು.

"ಸಿಕ್ಕಿದ ಕಣೆ! ನ್ಯಾಮತಿ ಬಸ್‌ಸ್ಟ್ಯಾಂಡಿನಾಗೆ ಸೋಡಾ ಅಂಗಡಿ ಇಟ್ಕೊಂಡಾನೆ. ಹೋಗಿ ನಿಂಬೆ ಸೋಡಾ ಕೇಳಿದೆ. ನನ್ನ ನೋಡಿದ್ದೇ ಗೋಲಿ ಒತ್ತೋದು ಬಿಟ್ಟು ಬಾಟಲಿ ಕೆಳಗಿಟ್ಟ. 'ಹಾಲಮ್ಮೋರೇ, ಈಗಲಾದ್ರೂ ಹೇಳಿಬಿಡ್ತೀನಿ, ಕೇಳಿಸ್ಕೊಂಡು ಹೋಗ್ರಿ, ನಿದ್ದೆ ಬರಲ್ಲ ನಂಗೆ' ಅಂದ."

"ಹೇಳಿದ್ನಾ?"

"ಬಾಯಿ ತೆಗೆದ. ನಾ ಕೈ ಅಡ್ಡ ಹಿಡಿದೆ. ಬ್ಯಾಡ್ರಿ ಅಂದೆ."

"ಅಕ್ಕಾ, ನಿಂಗೆ ಬುದ್ಧಿ ಐತಾ? ಹೆಸರು ಸಿಕ್ಕಿದ್ರೆ ದಾವಣಗೆರೆಗೆ ಹೋಗ್ಬಹುದಿತ್ತು!"

"ಹೋಗ್ಬಹುದಿತ್ತು." ಹಾಲಕ್ಕ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟಳು. "ಹೇಳಿದ್ರೆ ಅವನಿಗೆ ಹಗುರಾಗ್ತಿತ್ತಲ್ಲೇ. ನನಗೆ ಕೆನ್ನೆಯಾಗೈತೆ. ಅವನಿಗೆ ಗಂಟಲಾಗೇ ಇರ್ಲಿ."

ಆ ಮಳೆಗಾಲ ಮುಗಿಯುವ ಮೊದಲೇ ಬಸವಾಪಟ್ಟಣದಿಂದ ಸುದ್ದಿ ಬಂತು. ಜ್ವರ ಎಂದು ಮಲಗಿದವಳು ಏಳಲಿಲ್ಲವಂತೆ. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಅದಾದ ಎಷ್ಟೋ ದಿನಗಳ ಮೇಲೆ ನ್ಯಾಮತಿಯಲ್ಲಿ ಬಸ್ಸು ಕಾಯುತ್ತಿದ್ದೆ. ಸೋಡಾ ಅಂಗಡಿಯವನು ನನ್ನನ್ನೇ ದಿಟ್ಟಿಸುತ್ತಿದ್ದ. ಜಗಳೂರಿನಲ್ಲಿ ಹಾಲಕ್ಕನ ಪಕ್ಕ ಕೂತಿದ್ದವಳೆಂದು ಗುರುತು ಹತ್ತಿರಬೇಕು. ಒರೆಸುವ ಬಟ್ಟೆ ಹಿಡಿದುಕೊಂಡೇ ಬಂದು, ಎರಡು ಮಾರು ದೂರದಲ್ಲಿ ನಿಂತು ಕೇಳಿದ: "ಹಾಲಮ್ಮೋರು ಹೆಂಗದಾರ್ರೀ?"

"ಚೆನ್ನಾಗದಾರೆ," ಎಂದೆ. "ಬರೋ ವಾರ ಬರ್ತಾರಂತೆ."