ಲಿಫ್ಟ್ ಮೆಕ್ಯಾನಿಕ್ ಮೆಟ್ಟಿಲು ಹತ್ತಿದ್ದು

ಟೈಲರಮ್ಮ ತನ್ನ ಗಂಡನನ್ನು ಮೊದಲ ಸಲ ನೋಡಿದ್ದು ಕಾಲಿನಿಂದ. ಮುಖ ಆಮೇಲೆ ಬಂತು.

ಆಗ ಅವಳಿಗೆ ಇಪ್ಪತ್ತಮೂರು ವರ್ಷ. ಐದನೇ ಮಹಡಿಯ ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸ. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಗುಂಡಿ ಹಾಕಬೇಕಿದ್ದ ಎಂಟು ಕೋಟುಗಳನ್ನು ತೋಳಿನ ಮೇಲೆ ಹೇರಿಕೊಂಡು ಲಿಫ್ಟ್ ಹತ್ತಿದಳು. ಮೂರನೇ ಮಹಡಿ ದಾಟಿದ ಲಿಫ್ಟ್ ಒಂದು ಸಲ ಬಿಕ್ಕಳಿಸಿ ನಿಂತುಬಿಟ್ಟಿತು. ಒಳಗೆ ಅವಳೊಬ್ಬಳೇ. ಅರ್ಧ ಗಂಟೆಯ ಮೇಲೆ ತಲೆಯ ಮೇಲಿನ ತಗಡು ಸರಿದು, ಚಾವಣಿಯ ಕಿಂಡಿ ತೆರೆದು, ಎರಡು ಬೂಟುಗಳು ಇಳಿದವು. ಎಡಗಾಲಿನ ಬೂಟಿಗೆ ಹಳದಿ ದಾರದಲ್ಲಿ ಸೊಟ್ಟಸೊಟ್ಟನೆಯ ಹೊಲಿಗೆ. ಆಮೇಲೆ ಕಾಲು, ಆಮೇಲೆ ಸೊಂಟ. ಅಷ್ಟು ಹೆದರಿಕೆಯಲ್ಲೂ ಅವಳ ಕಣ್ಣು ಅಳತೆ ತೆಗೆದುಕೊಂಡಿತು: ಇಪ್ಪತ್ತೆಂಟು ಇಂಚು.

“ಹೆದರ್ಬೇಡಿ, ಲಿಫ್ಟ್ ಬೀಳಲ್ಲ,” ಎಂದಿತು ಮೇಲಿನ ದನಿ. “ನಾನು ಬೀಳಬಹುದು. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ.”

“ಕೋಟಿನ ಮೇಲೆ ಮಾತ್ರ ಬೀಳ್ಬೇಡಿ. ಇಸ್ತ್ರಿ ಆಗಿದೆ.”

ಸೂಜಿಯ ಕಣ್ಣಿನಲ್ಲಿ ದಾರ ನುಸುಳಿದ ಹಾಗೆ ಅವನು ಇಳಿದು ಬಂದ. ಆ ಬೂಟಿನ ಹೊಲಿಗೆ ಬಿಚ್ಚಿ ನೆಟ್ಟಗೆ ಹಾಕಿಕೊಟ್ಟವಳು ಅವಳೇ. ಮುಂದಿನ ವರ್ಷ ಮದುವೆಯಾಯಿತು.

ಇಪ್ಪತ್ತಾರು ವರ್ಷದಲ್ಲಿ ಆ ಸೊಂಟ ನಲವತ್ತೆಂಟಾಯಿತು. ಅದು ಸುಮ್ಮನೆ ಆದದ್ದಲ್ಲ. ಮೆಕ್ಯಾನಿಕ್ಕಿಗೆ ದಿನಕ್ಕೆ ಏಳೆಂಟು ಕಟ್ಟಡಗಳ ಪಾಳಿ. ಹೋದಲ್ಲೆಲ್ಲ “ಬಾ ಲಿಫ್ಟಣ್ಣ” ಎಂದು ಕೂರಿಸಿ ಚಹಾ ಬಿಸ್ಕತ್ತು ಕೊಡುವವರು. ಅವನ ಕೆಲಸವೇ ಮೇಲೆ ಕೆಳಗೆ ಹೋಗುವುದು. ಆದರೆ ಹೊತ್ತೊಯ್ಯುವುದು ಲಿಫ್ಟು. ಸಾಲದ್ದಕ್ಕೆ ತರಕಾರಿ, ಹಣ್ಣು ಎಂದರೆ ಅವನಿಗೆ ಚಿಕ್ಕಂದಿನಿಂದ ಆಗದು. “ಹಸಿರು ಬಣ್ಣ ಲಿಫ್ಟಿನ ದೀಪಕ್ಕೆ ಚಂದ, ತಟ್ಟೆಗಲ್ಲ,” ಎನ್ನುವ.

ಅವನ ಕಂಪನಿಯವರು ಆ ಊರಿನ ಹಳೆಯ ಲಿಫ್ಟುಗಳನ್ನೇ ನೋಡಿಕೊಳ್ಳುತ್ತಿದ್ದರು. ಅವುಗಳ ಕಿಂಡಿ ಹದಿನಾಲ್ಕು ಇಂಚು ಅಗಲ, ಹದಿನೆಂಟು ಇಂಚು ಉದ್ದ. ಒಂದು ದಿನ ಒಂಬತ್ತು ಮಹಡಿಯ ಕಟ್ಟಡದಲ್ಲಿ ನಿವೃತ್ತ ಹೆಡ್‌ಮಿಸ್ಸು ಸಿಕ್ಕಿಹಾಕಿಕೊಂಡರು. ಬಿಡಿಸಲು ಹೋದ ಮೆಕ್ಯಾನಿಕ್ ಸೊಂಟದವರೆಗೆ ಇಳಿದ. ಮುಂದೆ ಇಳಿಯಲೂ ಇಲ್ಲ, ಹತ್ತಲೂ ಇಲ್ಲ. ಹೆಡ್‌ಮಿಸ್ಸು ನಲವತ್ತು ನಿಮಿಷ ಅವನ ಬೂಟುಗಳೊಂದಿಗೆ ಮಾತಾಡಿಕೊಂಡು ನಿಂತರು. “ಉಸಿರು ಬಿಡಪ್ಪ, ಪೂರ್ತಿ ಬಿಡು,” ಎಂದು ಪಾಠವನ್ನೂ ಹೇಳಿದರು. ಕೊನೆಗೆ ಇಬ್ಬರನ್ನೂ ಬಿಡಿಸಲು ಬೇರೆ ಇಬ್ಬರು ಬರಬೇಕಾಯಿತು.

ಕಂಪನಿಯ ಸೂಪರ್‌ವೈಸರ್ ನೇರವಾಗಿ ಹೇಳಿದರು. “ಮೂರು ತಿಂಗಳು ಟೈಮು. ಅದೇ ಕಿಂಡಿಯಿಂದ ನನ್ನ ಕಣ್ಣೆದುರು ಇಳೀಬೇಕು. ಇಲ್ದಿದ್ರೆ ಫೋನ್ ರೂಮಲ್ಲಿ ಕೂತ್ಕೊಳ್ಳಪ್ಪ.”

ಮನೆಗೆ ಬಂದವನು ಊಟಕ್ಕೂ ಏಳಲಿಲ್ಲ. ಊಟಕ್ಕೆ ಏಳದ ಗಂಡನನ್ನು ಟೈಲರಮ್ಮ ಅಲ್ಲಿಯವರೆಗೆ ಕಂಡಿರಲಿಲ್ಲ.

“ಇಡೀ ದಿನ ಫೋನೆತ್ತಿ ‘ಮೆಕ್ಯಾನಿಕ್ ಬರ್ತಾರೆ, ಸ್ವಲ್ಪ ಕಾಯಿರಿ’ ಅನ್ಬೇಕಂತೆ. ಮೆಕ್ಯಾನಿಕ್ ನಾನು ಕಣೇ!”

ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು. “ತಪ್ಪು ನಂದೂ ಇದೆ ರೀ. ವರ್ಷಾ ವರ್ಷಾ ನಿಮ್ಮ ಪ್ಯಾಂಟು ಬಿಚ್ಚಿ ಅಗಲ ಮಾಡಿ ಇಡ್ತಿದ್ದೆ.”

“ಅಗಲ ಮಾಡ್ತಿದ್ಯಾ?” ಅವನು ಎದ್ದು ಕೂತ. “ಪ್ಯಾಂಟು ಒಂದು ದಿನಾನೂ ಬಿಗಿಯಾಗಿಲ್ಲ, ನಾನು ಹಾಗೇ ಇದೀನಿ ಅಂದ್ಕೊಂಡಿದ್ದೆ!”

“ಇನ್ಮೇಲೆ ಒಂದು ದಾರಾನೂ ಬಿಚ್ಚಲ್ಲ.”

ಮರುದಿನವೇ ಅವಳು ಪ್ಲೈವುಡ್ ಹಲಗೆಯಲ್ಲಿ ಹದಿನಾಲ್ಕಕ್ಕೆ ಹದಿನೆಂಟರ ಕಿಂಡಿ ಕೊರೆಸಿ ತಂದು, ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದಳು. ಪ್ರತಿ ಭಾನುವಾರ ಅದರೊಳಗೆ ತೂರಬೇಕು. ಮೊದಲ ಭಾನುವಾರ ಮೆಕ್ಯಾನಿಕ್ ಹಲಗೆಯ ಸಮೇತ ಮನೆಯೆಲ್ಲ ಓಡಾಡಿದ.

ಮೊದಲು ತರಕಾರಿಯ ಪ್ರಯೋಗವಾಯಿತು. ಮೊಟ್ಟೆಯಲ್ಲಿ ತುರಿದ ಕ್ಯಾರೆಟ್ ಬಚ್ಚಿಟ್ಟಳು. ಅವನು ಒಂದೊಂದೇ ಎಳೆ ಹೆಕ್ಕಿ ತಟ್ಟೆಯ ಅಂಚಿಗೆ ಜೋಡಿಸಿ, “ಎಲ್ಲಿಂದಲೋ ವೈರ್ ಕಳಚಿ ಬಿದ್ದಿದೆ ನೋಡು,” ಎಂದ. ಸೌತೆಕಾಯಿ ಬಾಯಿಗಿಟ್ಟುಕೊಂಡು ಔಷಧಿಯ ಹಾಗೆ ಕಣ್ಣುಮುಚ್ಚಿ ನುಂಗಿದ. ನಾಲ್ಕನೇ ದಿನ ಅವಳೇ ಕೈಮುಗಿದು ಅವನನ್ನು ಆಸ್ಪತ್ರೆಯ ನರ್ಸ್ ಹತ್ತಿರ ಕರೆದುಕೊಂಡು ಹೋದಳು.

“ಯಾವ ತರಕಾರಿ ಇಷ್ಟ ನಿಮಗೆ?” ಎಂದರು ನರ್ಸ್.

“ಆಲೂಗಡ್ಡೆ.”

“ಬೇಯಿಸಿದ್ದಾ?”

“ಕರಿದದ್ದು.”

ನರ್ಸ್ ಪೆನ್ನು ಕೆಳಗಿಟ್ಟರು. “ಸರಿ. ತರಕಾರಿ ತಿಂದ್ರೆ ಒಳ್ಳೇದು, ಆದ್ರೆ ಜಗಳ ಮಾಡಿ ತಿನ್ನಿಸೋಕಾಗಲ್ಲ. ಸೇರಿದಷ್ಟು ಬೇಳೆ, ಕಾಳು ತಿನ್ನಿ. ಮೊಟ್ಟೆ, ಮೀನು ಇರಲಿ. ಈಗ ತಿನ್ನೋದ್ರಲ್ಲಿ ಅರ್ಧ ಮಾತ್ರ. ಕರಿದದ್ದು, ಬಿಸ್ಕತ್ತು ಬಂದ್. ಕೆಲಸ ಏನು ನಿಮ್ದು?”

“ಲಿಫ್ಟ್ ರಿಪೇರಿ.”

“ಲಿಫ್ಟ್ ಇರೋ ಕಡೆಯೆಲ್ಲ ಮೆಟ್ಟಿಲೂ ಇರತ್ತಲ್ವಾ?”

ಇಪ್ಪತ್ತೇಳು ವರ್ಷದ ಕೆಲಸದಲ್ಲಿ ಅವನಿಗೆ ಅದು ಹೊಳೆದೇ ಇರಲಿಲ್ಲ. ಅಂದಿನಿಂದ ಮೆಟ್ಟಿಲು ಹಿಡಿದ. ಮೊದಮೊದಲು ಎರಡನೇ ಮಹಡಿಗೆ ಬರುವಷ್ಟರಲ್ಲಿ ಹಳೆಯ ಮೋಟಾರಿನ ಹಾಗೆ ಸದ್ದು ಮಾಡುತ್ತಿದ್ದ. ತಿಂಗಳು ಕಳೆಯುವಷ್ಟರಲ್ಲಿ ಏಳನೆಯದನ್ನು ಮುಟ್ಟಿದ. ಅರ್ಧ ತಟ್ಟೆ ಊಟಕ್ಕೆ ಹೊಟ್ಟೆ ಗೊಣಗಿಕೊಂಡೇ ಒಗ್ಗಿತು. ಟೇಪು ನಲವತ್ತೈದಕ್ಕೆ ಇಳಿಯಿತು.

ಆಗಲೇ ಎಡವಟ್ಟಾದದ್ದು. ಒಂಬತ್ತು ಮಹಡಿಯ ಆ ಕಟ್ಟಡದ ಜನ ಅವನನ್ನು ಗಮನಿಸುತ್ತಿದ್ದರು. ಕಂಪನಿಯ ಅಂಗಿ ತೊಟ್ಟ ಮೆಕ್ಯಾನಿಕ್ಕೇ ಬೆವರು ಸುರಿಸುತ್ತ ಮೆಟ್ಟಿಲು ಹತ್ತುತ್ತಾನೆ!

“ಲಿಫ್ಟಣ್ಣನೇ ಲಿಫ್ಟ್ ಹತ್ತಲ್ಲ ಅಂದ್ರೆ ಏನೋ ಇದೆ ಬಿಡ್ರಿ,” ಎಂದರು ಆರನೇ ಮಹಡಿಯವರು.

“ಹಗ್ಗ ಸವೆದಿರ್ಬೇಕು. ನಮಗೆ ಹೇಳೋಕೆ ಸಂಕೋಚ, ಪಾಪ,” ಎಂದರು ಎಂಟನೇ ಮಹಡಿಯವರು.

ವಾರದೊಳಗೆ ಇಡೀ ಕಟ್ಟಡ ಮೆಟ್ಟಿಲಿಗೆ ಬಂತು. ಲಿಫ್ಟು ಖಾಲಿ ನಿಂತಿತು. ಮಂಡಿನೋವಿನ ಹೆಡ್‌ಮಿಸ್ಸು ಮಹಡಿಗೊಂದು ಕುರ್ಚಿ ಹಾಕಿಸಿಕೊಂಡು ಕಂಪನಿಗೆ ದೂರು ಬರೆದರು.

ಸೂಪರ್‌ವೈಸರ್ ಕೆಂಡವಾದರು. “ನಾಳೆಯಿಂದ ಲಿಫ್ಟಲ್ಲೇ ಹೋಗ್ಬೇಕು. ನಾಲ್ಕು ಜನ ನೋಡೋ ಹಾಗೆ ಹೋಗ್ಬೇಕು!”

ಪರೀಕ್ಷೆಗೆ ಇನ್ನು ಐದೇ ವಾರ. ಭಾನುವಾರ ಅವನು ಹಲಗೆಯ ಕಿಂಡಿಯಲ್ಲಿ ಹೊಟ್ಟೆ ಸಿಕ್ಕಿಸಿಕೊಂಡು, “ಫೋನ್ ರೂಮಿಗೇ ಹೋಗ್ತೀನಿ ಬಿಡೇ,” ಎಂದ.

“ಲಿಫ್ಟಿಗೆ ಏನೂ ಆಗಿಲ್ಲ ಅಂತ ಜನಕ್ಕೆ ಗೊತ್ತಾದ್ರೆ ಸಾಕಲ್ವಾ?” ಎಂದಳು ಟೈಲರಮ್ಮ. “ಇರೋದನ್ನ ಇದ್ದ ಹಾಗೆ ಬರೆದು ಅಂಟಿಸಿ.”

“ನಾಚಿಕೆ ಆಗಲ್ವಾ?”

“ಹೆಡ್‌ಮಿಸ್ಸು ನಲವತ್ತು ನಿಮಿಷ ನಿಮ್ಮ ಕಾಲು ನೋಡಿದಾರೆ. ಇನ್ನೆಲ್ಲಿ ನಾಚಿಕೆ?”

ಮರುದಿನ ಲಿಫ್ಟಿನ ಬಾಗಿಲ ಪಕ್ಕ ಚೀಟಿ ಬಿತ್ತು: “ಲಿಫ್ಟ್ ಸರಿಯಾಗಿದೆ. ಮೆಕ್ಯಾನಿಕ್ ದಪ್ಪಗಿದ್ದಾನೆ. ಸಣ್ಣಗಾಗಲು ಮೆಟ್ಟಿಲು ಹತ್ತುತ್ತಿದ್ದಾನೆ. ನೀವು ಧೈರ್ಯವಾಗಿ ಲಿಫ್ಟ್ ಹತ್ತಿ.” ಕೆಳಗೆ ಅವನ ಸಹಿ.

ಜನ ಓದಿ ನಕ್ಕರು, ಲಿಫ್ಟ್ ಹತ್ತಿದರು. ದೂರು ವಾಪಸಾಯಿತು. ಸೂಪರ್‌ವೈಸರ್ ಚೀಟಿ ನೋಡಿ, ಮೀಸೆ ತಿರುವುವ ನೆಪದಲ್ಲಿ ಬಾಯಿ ಮುಚ್ಚಿಕೊಂಡು, “ಮೆಟ್ಟಿಲೇ ಹತ್ತು ಮಾರಾಯ,” ಎಂದರು. ಆದರೆ ಹೊಸ ಕಾಟ ಶುರುವಾಯಿತು. ಚಹಾ ಬಿಸ್ಕತ್ತು ಕೊಡುತ್ತಿದ್ದ ಕೈಗಳೆಲ್ಲ ಈಗ ಹಣ್ಣು ಹಿಡಿದು ಮೆಟ್ಟಿಲಲ್ಲಿ ಕಾದು ನಿಲ್ಲತೊಡಗಿದವು. ಒಲ್ಲೆ ಎನ್ನಲು ಬಾಯಿ ಬಾರದೆ ಅವನು ದಿನವೂ ಒಂದು ಚೀಲ ಹಣ್ಣು ಮನೆಗೆ ತಂದ. ಟೈಲರಮ್ಮನಿಗೆ ಹಣ್ಣೆಂದರೆ ಪ್ರಾಣ. ಸಂಜೆಯ ಬ್ರೆಡ್ಡು ಬೆಣ್ಣೆ ಬಿಟ್ಟು ಅದನ್ನೇ ತಿಂದಳು. ತಿಂಗಳಲ್ಲಿ ಅವಳ ಸೊಂಟ ಎರಡು ಇಂಚು ಇಳಿದು, ತನ್ನ ಬಟ್ಟೆಯನ್ನೂ ಅವಳು ಬಿಗಿ ಮಾಡಿ ಹೊಲಿದುಕೊಳ್ಳಬೇಕಾಯಿತು.

ಪರೀಕ್ಷೆಯ ದಿನ ಟೇಪು ನಲವತ್ತೆರಡು ಎಂದಿತು. ಒಳಗೆ ಸಿಕ್ಕಿಹಾಕಿಕೊಂಡವರ ಜಾಗದಲ್ಲಿ ಒಬ್ಬರು ನಿಲ್ಲಬೇಕೆಂದು ಸೂಪರ್‌ವೈಸರ್ ಅಂದಾಗ ಟೈಲರಮ್ಮ ಲಿಫ್ಟಿನೊಳಗೆ ಹೋಗಿ ಅವರ ಪಕ್ಕ ನಿಂತಳು. ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಲಿಫ್ಟ್ ನಿಲ್ಲಿಸಿದರು. ತಗಡು ಸರಿಯಿತು. ಬೂಟು ಬಂತು, ಮೊಣಕಾಲು ಬಂತು, ತೊಡೆ ಬಂತು. ಅಲ್ಲಿಗೆ ನಿಂತಿತು.

“ಏನಾಯ್ತು ರೀ?” ಎಂದಳು.

“ಸಿಕ್ಕಿದೆ.”

ಸೂಪರ್‌ವೈಸರ್ ಗಡಿಯಾರ ನೋಡಿಕೊಂಡರು. ಟೈಲರಮ್ಮ ಕತ್ತೆತ್ತಿ ಅಳತೆಯ ಕಣ್ಣಿನಿಂದ ನೋಡಿದಳು. ಸೊಂಟದ ಸುತ್ತ ಬೆರಳು ತೂರುವಷ್ಟು ಜಾಗವಿತ್ತು. ಪ್ಯಾಂಟಿನ ಬಲಪಕ್ಕದ ಹೊರಜೇಬು ಮಾತ್ರ ಉಬ್ಬಿತ್ತು.

“ಜೇಬಲ್ಲೇನು?”

“ಹೆಡ್‌ಮಿಸ್ಸು ಕೊಟ್ಟ ಸೇಬು. ಬೇಡ ಅನ್ನೋಕಾಗ್ಲಿಲ್ಲ.”

ಅವಳು ಕಾಲ್ಬೆರಳ ಮೇಲೆ ನಿಂತು, ಕೈಚೀಲದಿಂದ ಕತ್ತರಿ ತೆಗೆದು, ತಾನೇ ಹೊಲಿದ ಜೇಬಿನ ತಳ ಕತ್ತರಿಸಿದಳು. ಸೇಬು ಅವಳ ಅಂಗೈಗೆ ಬಿತ್ತು.

“ಪಕ್ಕಕ್ಕೆ ನಿಂತ್ಕೋ,” ಎಂದು ಮೆಕ್ಯಾನಿಕ್ ಸರಕ್ಕನೆ ಇಳಿದು ನಿಂತ.

“ಹಣ್ಣು ತಿಂದ್ರೆ ಸಣ್ಣ ಆಗ್ತಾರೆ ಅಂತಾರೆ,” ಎಂದ ಬೆವರು ಒರೆಸಿಕೊಳ್ಳುತ್ತ. “ನೋಡಿ ಸಾರ್, ಇನ್ನೇನು ನನ್ನ ಕೆಲಸಾನೇ ತಿಂತಿತ್ತು!”

ಸೂಪರ್‌ವೈಸರ್ ಕಾಗದಕ್ಕೆ ಸಹಿ ಹಾಕಿದರು. ಟೈಲರಮ್ಮ ಸೇಬನ್ನು ಸೆರಗಿನಲ್ಲಿ ಒರೆಸಿ ಅಲ್ಲೇ ಕಚ್ಚಿದಳು.

ಈಗ ಮೆಕ್ಯಾನಿಕ್ಕಿಗೆ ಐವತ್ತಾರು ವರ್ಷ, ಸೊಂಟ ನಲವತ್ತೊಂದು. ದಿನವೂ ಆರೇಳು ಕಟ್ಟಡಗಳ ಮೆಟ್ಟಿಲು ಹತ್ತುತ್ತಾನೆ, ಕಿಂಡಿಯಿಂದ ಇಳಿದು ಸಿಕ್ಕಿಕೊಂಡವರನ್ನು ಬಿಡಿಸುತ್ತಾನೆ. ಹಣ್ಣು ಕೊಟ್ಟರೆ ಕೈಚೀಲದಲ್ಲಿ ಹಾಕಿಕೊಂಡು ಬಂದು ಹೆಂಡತಿಗೆ ಕೊಡುತ್ತಾನೆ.