ತಂತಿ ಕಟ್ಟಿದ ರಟ್ಟು

ಲೇಖಕರೆಂದರೆ ದೆಲ್ಮಾಳಿಗೆ ಭಯವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. ಬ್ಯೂನಸ್ ಐರಿಸ್‌ನ ದಕ್ಷಿಣದ ಅಂಚಿನಲ್ಲಿ, ಹಿಂದೆ ತರಕಾರಿ ಅಂಗಡಿಯಾಗಿದ್ದ ಕೋಣೆಯೇ ಅವಳ ಪ್ರಕಾಶನ. ಬೀದಿಯಲ್ಲಿ ರಟ್ಟು ಆಯುವವರಿಂದ ಕೊಂಡ ಪೆಟ್ಟಿಗೆಗಳನ್ನು ಕತ್ತರಿಸಿ, ಬಣ್ಣ ಬಳಿದು, ಒಳಗೆ ಜೆರಾಕ್ಸ್ ಹಾಳೆ ಅಂಟಿಸಿದರೆ ಪುಸ್ತಕ. ಬಂದ ಲೇಖಕರು ಮೊದಲು ಕೇಳುತ್ತಿದ್ದದ್ದು ತಮ್ಮ ಹೆಸರು ಎಷ್ಟು ದಪ್ಪಕ್ಷರದಲ್ಲಿ ಬರುತ್ತದೆ ಎಂದು. ಬಡವರ ಬಗ್ಗೆ ಬರೆದವರೂ ರಟ್ಟಿನ ಮೇಲೆ ಕೂತೆದ್ದು ಪ್ಯಾಂಟು ಕೊಡವಿಕೊಳ್ಳುತ್ತಿದ್ದರು.

"ಕಥೆ ಇರೋರು ಬರಿಯಲ್ಲ, ಬರಿಯೋರ ಹತ್ರ ಕಥೆ ಇರಲ್ಲ. ಮಧ್ಯ ನಾನು ಗೋಂದು ಕಲಸ್ಕೊಂಡು ಕೂತಿದೀನಿ," ಎನ್ನುತ್ತಿದ್ದಳು.

ಹೆರ್ಮಿನಿಯಾಳ ಹತ್ತಿರ ಕಥೆ ಇತ್ತು. ಕೈಗಾಡಿ ಎಳೆದುಕೊಂಡು ರಟ್ಟು ಆಯುವ ಹೆಂಗಸು. ಕಾರ್ಖಾನೆಗಳು ಮುಚ್ಚಿದ ವರ್ಷ ಅವಳೂ ದೆಲ್ಮಾಳೂ ಕೆಲಸ ಕೇಳಿ ಸೇತುವೆಗೆ ಅಡ್ಡ ಕೂತು, ಸುಡುವ ಟೈರಿನ ಹೊಗೆಯಲ್ಲಿ ಒಂದೇ ಹಂಡೆಯ ಸಾರು ಕುಡಿದವರು. ಆ ಸೇತುವೆಯ ಮೇಲೇ ಹೆರ್ಮಿನಿಯಾಳ ಮಗ ಎಲಿಯಾಸ್‌ಗೆ ಗುಂಡು ಬಿತ್ತು. ಅವನ ಸಂಗಡಿಗರೇ ಹೊಡೆದರೆಂದು ಪೊಲೀಸರು ಬರೆದುಕೊಂಡರು. ಪಕ್ಕದಲ್ಲೇ ಇದ್ದ ತಾಯಿಯನ್ನು ಯಾರೂ ಕೇಳಲಿಲ್ಲ.

"ನೀನು ಬರಿ," ಎಂದು ದೆಲ್ಮಾ ಬೆನ್ನು ಹತ್ತಿದಳು. "ಅವರು ಬರೆದದ್ದೊಂದೇ ಉಳೀಬಾರದು."

"ಮೂರನೇ ಕ್ಲಾಸು ಕಣೇ ನಾನು."

"ಗುಂಡು ಹೊಡೆದೋನು ಏನು ಮಹಾ ಓದಿದ್ದ?"

ವರ್ಷಗಟ್ಟಲೆ ಒದ್ದಾಡಿ ಹೆರ್ಮಿನಿಯಾ ಒಂದು ದಿನ ಬಂದು, "ಮುಗೀತು, ನಾಳೆ ತರ್ತೀನಿ," ಎಂದಳು. ದೆಲ್ಮಾ ಕಾಗದಕ್ಕಾಗಿ ಕಾದಳು. ಬೆಳಿಗ್ಗೆ ಬಾಗಿಲಲ್ಲಿ ಎಂದಿನಂತೆ ರಟ್ಟಿನ ಕಟ್ಟುಗಳಷ್ಟೇ ಇದ್ದವು. ಚೌಕದ ಪುಸ್ತಕ ಸಂತೆಗೆ ಹೆಸರಾಂತ ಕವಿಯೊಬ್ಬನ ಪದ್ಯಗಳ ಪುಸ್ತಕ ಸಿದ್ಧವಾಗಬೇಕಿತ್ತು. ತಂತಿ ಬಿಚ್ಚಿದಳು, ಇಡೀ ಕಟ್ಟನ್ನೇ ಒಟ್ಟಿಗೆ ಕತ್ತರಿಸಿದಳು, ಒಳಮೈಗೆ ಗೋಂದು ಮೆತ್ತಿದಳು. ರಟ್ಟಿನ ಒಳಮೈಯಲ್ಲಿ ಯಾವಾಗಲೂ ಏನಾದರೂ ಗೀಚಿರುತ್ತದೆ, ವಿಳಾಸ, ಲೆಕ್ಕ, ಬೈಗುಳ. ಅದನ್ನು ಓದುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಸಂತೆ ಮುಗಿದ ಮೇಲೆ ಹೆರ್ಮಿನಿಯಾ ಬಂದು ಮಟೆ ಕಷಾಯ ಹೀರುತ್ತಾ, ಮುಖ ನೋಡದೆ ಕೇಳಿದಳು. "ಓದಿದ್ಯಾ?"

"ತಂದ್ಕೊಡು, ಓದ್ತೀನಿ."

"ತಂದಿಟ್ಟಿದ್ನಲ್ಲೇ, ತಂತಿ ಕಟ್ಟಿ. ಕಾಗದ ಎಲ್ಲಿಂದ ತರ್ಲಿ? ರಟ್ಟಿನ ಮೇಲೇ ಬರೆದೆ. ಮಂಜಿಗೆ ನೆನೀಬಾರದು ಅಂತ ಮೇಲೊಂದು ಖಾಲಿದು ಇಟ್ಟಿದ್ದೆ."

ದೆಲ್ಮಾ ಗೋಂದಿನ ಡಬ್ಬಿ ನೋಡಿದಳು. ಆಮೇಲೆ ಆದದ್ದನ್ನೆಲ್ಲ ಹೇಳಿದಳು. ಹೆರ್ಮಿನಿಯಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮತ್ತೆ ಬರಿ ಅಂತ ಮಾತ್ರ ಹೇಳ್ಬೇಡ," ಎಂದಳು. "ಒಂದ್ಸಲ ಹೂತೆ. ಬರೀತಾ ಇನ್ನೊಂದ್ಸಲ ಹೂತೆ. ಮೂರನೇದು ನನ್ನ ಕೈಲಾಗಲ್ಲ."

ದೆಲ್ಮಾ ಪುಸ್ತಕ ಕೊಂಡವರನ್ನು ಹುಡುಕಿಕೊಂಡು ಹೊರಟಳು. ಚೌಕದಲ್ಲಿ ಯಾರೋ ಕೊಂಡದ್ದು, ಹೆಸರಿಲ್ಲ, ಊರಿಲ್ಲ. ಕೆಲವರು ಕೊಟ್ಟರು, ಕೆಲವರು ಕವಿಯ ಸಹಿ ಇದೆಯೆಂದು ಕೊಡಲಿಲ್ಲ. ಕೊನೆಗೆ ಕವಿಯ ಮನೆಗೇ ಹೋದಳು. ಸಂಗತಿ ಕೇಳಿ ಅವನು ಪುಸ್ತಕವನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದ.

"ಎಂಥಾ ರೂಪಕ, ದೆಲ್ಮಾ. ಒಬ್ಬ ತಾಯಿಯ ದುಃಖ ನನ್ನ ಪದ್ಯಗಳ ಬೆನ್ನಿಗೆ ಅಂಟಿಕೊಂಡಿದೆ."

"ರೂಪಕ ಅಲ್ಲ ಕಣಯ್ಯಾ, ಅದು ಗೋಂದು. ಪುಸ್ತಕ ಕೊಡು."

ಕೊಟ್ಟ. ಅದರ ಮೇಲೊಂದು ಪದ್ಯ ಬರೆಯುವುದಾಗಿಯೂ ಹೇಳಿದ. ಬರೆದರೆ ಬೇರೆ ಕಡೆ ಅಚ್ಚು ಹಾಕಿಸಿಕೋ ಎಂದು ಬಂದಳು.

ಹಬೆ ಹಿಡಿದು ಬಿಡಿಸಿದರೆ ಹಾಳೆಯ ಜೊತೆ ರಟ್ಟಿನ ಸಿಪ್ಪೆಯೂ ಎದ್ದು ಬರುತ್ತಿತ್ತು, ಪೆನ್ಸಿಲಿನ ಅಕ್ಷರವೂ. ತುಂಡು ತುಂಡು ಉಳಿಯಿತು. ಒಂದರಲ್ಲಿ ಹೀಗಿತ್ತು: "ಅವನ ಶೂ ಒಣಗಿರಲಿಲ್ಲ, ತಮ್ಮನ ಶೂ ಹಾಕ್ಕೊಂಡು ಹೋದ. ಬಿಗಿ ಆಯ್ತು ಅಂದ." ಅದನ್ನೋದಿ ದೆಲ್ಮಾ ಒಲೆ ಆರಿಸಿ ನೆಲದ ಮೇಲೆ ಕೂತುಬಿಟ್ಟಳು. ಎಷ್ಟು ಜನರನ್ನು ಅಚ್ಚು ಹಾಕಿದ್ದಳು. ಬರೆದವಳು ಇವಳೊಬ್ಬಳು ಅನ್ನಿಸಿತು.

ಹೆರ್ಮಿನಿಯಾ ಬಂದಾಗ ತುಂಡುಗಳನ್ನು ಮುಂದಿಟ್ಟಳು. ಅವಳು ಮುಟ್ಟಲಿಲ್ಲ.

"ಸೇತುವೆದು ಸಿಕ್ತಾ?"

"ಇಲ್ಲ."

"ಯಾವನು ಹೊಡೆದ ಅಂತ ಬರೆದಿದ್ನಲ್ಲ, ಅದು?"

"ಸಿಗಲಿಲ್ಲ, ಹೆರ್ಮಿನಿಯಾ."

"ಹಂಗಾದ್ರೆ ಅವರು ಬರೆದದ್ದೇ ಉಳೀತು," ಎಂದು ಗಾಡಿ ಎಳೆದುಕೊಂಡು ಹೋದಳು.

ಈಗಲೂ ಅವಳು ದೆಲ್ಮಾಳಿಗೇ ರಟ್ಟು ತರುತ್ತಾಳೆ, ಹೊಟ್ಟೆಪಾಡು. ತಕ್ಕಡಿಗೆ ಹಾಕುವ ಮೊದಲು ಒಂದೊಂದನ್ನೂ ಎತ್ತಿ, ಎರಡೂ ಮಗ್ಗುಲು ತಿರುಗಿಸಿ ತೋರಿಸುತ್ತಾಳೆ.

"ನೋಡ್ಕೋ. ಏನೂ ಬರೆದಿಲ್ಲ."

ದೆಲ್ಮಾ ನೋಡುತ್ತಾಳೆ, ಕೊನೆಯ ರಟ್ಟಿನವರೆಗೂ.