‘ವೆರಿ ವೆಲ್’ ಕಲಿಸಿದ ಆಳಂದದ ಅಣ್ಣ

ಮೊನ್ನೆ ಮೊಮ್ಮಗಳಿಗೆ ನೆಗಡಿ. ಸೊಸೆ ಕರವಸ್ತ್ರಕ್ಕೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿ ಕೂಸಿನ ಮೂಗಿಗೆ ಹಿಡಿದಳು. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ನನ್ನ ಚಹಾದ ಬಸಿ ಕೈಯಲ್ಲೇ ಉಳಿಯಿತು. ಆ ವಾಸನೆ ಅಂದರೆ ನನಗೆ ಪುಣೆಯ ಒಂದು ಕೋಣೆ, ಒಂದು ಕರಿ ಕಂಬಳಿ, ಆಮೇಲೆ ಆಳಂದದ ಅಣ್ಣ...

ಅಣ್ಣ ಅಂದರೆ ಒಡಹುಟ್ಟಿದವರಲ್ಲ, ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದವರು. ಆಗ ನಮ್ಮದು ನಿಜಾಮರ ಸೀಮೆ, ಪುಣೆ ಇಂಗ್ರೇಜರದು. ಕರೋಡಗಿರಿ ನಾಕಾದಲ್ಲಿ, ಅಂದರೆ ಸುಂಕದ ಕಟ್ಟೆಯಲ್ಲಿ, ಟ್ರಂಕು ಬಿಚ್ಚಿ ತೋರಿಸಿ ಗಡಿ ದಾಟಿದೆವೋ, ಮುಗಿಯಿತು, ಅದು ಪರದೇಶ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ಉರ್ದು ಓದಿದ ನಮಗೆ ಅಲ್ಲಿ ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು. ನಿಜಾಮರ ಸೀಮೆಗೆ ಅಲ್ಲಿ ಮೊಗಲಾಯಿ ಅಂತ ಹೆಸರು, ‘ಮೊಗಲಾಯಿ ಮಂದಿ’ ಅಂತ ನಮ್ಮನ್ನು ಕರೆದು ನಗುತ್ತಿದ್ದರು. ಅದಕ್ಕೇ ನಮ್ಮ ಕಡೆಯ ಹುಡುಗರು ಒಂದು ರೂಢಿ ಹಾಕಿಕೊಂಡಿದ್ದರು. ಕಾಲೇಜು ತೆರೆಯುವ ಎಂಟು ದಿನ ಮೊದಲು ಹೊಸಬರು ಹಳಬನೊಬ್ಬನ ಮನೆಗೆ ಬಂದಿರಬೇಕು, ಅವನು ಕಲಿಸಿದ್ದು ಕಲಿತು ಅವನ ಬೆನ್ನ ಹಿಂದೆಯೇ ಹೋಗಬೇಕು. ಆ ವರ್ಷ ಹೊಸಬರು ಇಬ್ಬರೇ. ಅಫಜಲಪುರ ತಾಲೂಕಿನ ಕರಜಗಿಯಿಂದ ನಾನು, ಜೇವರ್ಗಿಯಿಂದ ಇನ್ನೊಬ್ಬ.

ನಮ್ಮ ಪಾಲಿಗೆ ಆ ಹಳಬ ಅಣ್ಣ. ಆಳಂದದ ತಮ್ಮ ಮನೆಯಲ್ಲಿ ತೊಗರಿ ಚೀಲಗಳನ್ನು ಬೆಂಚಿನಂತೆ ಸಾಲಾಗಿಟ್ಟು ನಮ್ಮನ್ನು ಕೂಡಿಸುತ್ತಿದ್ದರು. ಹಾಜರಿ ಹೇಳುವುದು, ಟೊಪ್ಪಿಗೆ ತೆಗೆಯುವುದು, ಮೆಸ್ಸಿನಲ್ಲಿ ಸಾಲದಿದ್ದರೆ ಚಪಾತಿ ಕೇಳುವುದು, ಎಲ್ಲ ಅಲ್ಲೇ ಆಯಿತು.

“ವಾರ್ಡನ್ ಸಾಹೇಬ್ರು ಹ್ಯಾಂಗದೀರಿ ಅಂತ ಕೇಳಿದ್ರ?”

“ವೆರಿ ವೆಲ್, ಸರ್!” ಅಂತ ನಾವಿಬ್ಬರೂ ಕೂಗುತ್ತಿದ್ದೆವು.

“ಹೊಟ್ಟಿ ಕಡಿಯಾಕತ್ತಿದ್ರ?”

“ವೆರಿ ವೆಲ್, ಸರ್!”

ಜೇವರ್ಗಿಯವನು ಸುಮ್ಮನಿರುವ ಪೈಕಿ ಅಲ್ಲ. “ಸತ್ರೂ ಇದನ್ನ ಅನ್ನಬೇಕೇನ್ರಿ ಅಣ್ಣಾರ?”

“ಸತ್ರ ಎದ್ದು ನಿಂತು ಅನ್ನಬೇಕಲೇ. ಮಲಕೊಂಡು ಅಂದ್ರ ಬೇಅದಬಿ.”

ಬಿದ್ದು ಬಿದ್ದು ನಕ್ಕೆವು. ಒಳಗಿಂದ ಅಣ್ಣನ ತಾಯಿ “ಹಾಳ ಮಾತು ಆಡಬ್ಯಾಡ್ರೋ” ಅಂತ ಬೈದದ್ದು ಇನ್ನೂ ಕಿವಿಯಲ್ಲಿದೆ.

ಆ ಪಾಠಕ್ಕೆ ಕಾರಣವಿತ್ತು. ಹಿಂದಿನ ವರ್ಷ ನಮ್ಮ ಸೀಮೆಯ ಹುಡುಗನೊಬ್ಬ ಮೈ ಬಿಸಿಯಾಗಿದೆ ಅಂದಿದ್ದನಂತೆ. ಮೊಗಲಾಯಿಯಿಂದ ಪ್ಲೇಗು ತಂದಿದ್ದಾನೆ ಅಂತ ಗುಲ್ಲೆದ್ದು, ಅವನನ್ನು ಹಾಸಿಗೆ ಸಮೇತ ರೈಲು ಹತ್ತಿಸಿದ್ದರು. ಬಂದದ್ದು ಬರೀ ಚಳಿಜ್ವರ. ಅವನ ಓದು ಅಲ್ಲಿಗೇ ನಿಂತಿತು. ನಮಗೆ ಹಾಗಾಗಬಾರದು ಅನ್ನುವುದೇ ಅಣ್ಣನ ಹಟ.

ಹೊರಡುವ ದಿನ ಮೋಟಾರು ಸ್ಟ್ಯಾಂಡಿಗೆ ಜೇವರ್ಗಿಯವನ ತಂದೆ ಬಂದಿದ್ದರು. ಮಗನ ಕೈ ಹಿಡಿದು ಅಣ್ಣನ ಕೈಯಲ್ಲಿಟ್ಟು, “ನಿನ್ನ ಕೈಯಾಗ ಕೊಟ್ಟೇನಿ ತಮ್ಮಾ” ಅಂದರು.

ಪುಣೆಯಲ್ಲಿ ಅಣ್ಣ ನಮ್ಮಿಬ್ಬರ ನಡುವೆ ತಮ್ಮ ಹಾಸಿಗೆ ಹಾಸಿಕೊಂಡರು. ಸಂಜೆ ತಮ್ಮ ಓದು ಬದಿಗಿಟ್ಟು ನಮ್ಮ ಪಾಠ ಕನ್ನಡದಲ್ಲಿ ಹೇಳುತ್ತಿದ್ದರು. ತಲೆಭಾರ ಅಂದರೆ ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹನಿಸಿ ಕೊಡುತ್ತಿದ್ದರು. ಅವರ ಟ್ರಂಕಿನಲ್ಲಿದ್ದ ಔಷಧ ಅದೊಂದೇ. ಮೂರನೆಯ ತಿಂಗಳು ಅಣ್ಣನಿಗೆ ಊರಿನಿಂದ ತಾರು ಬಂತು, ತಂದೆಗೆ ಆರಾಮಿಲ್ಲ ಅಂತ. ಆ ಹೊತ್ತಿಗೆ ಜೇವರ್ಗಿಯವನ ಮೈ ಸ್ವಲ್ಪ ಬೆಚ್ಚಗಿತ್ತು. ಅಣ್ಣ ಎಣ್ಣೆಯ ಶೀಸೆ ನನ್ನ ಕೈಗೆ ಕೊಟ್ಟು, “ನಾ ಬರೋತನಕ ಅಣ್ಣ ನೀನ, ನೋಡ್ಕೋ” ಅಂದು ಹೋದರು.

ಜ್ವರ ಇಳಿಯಲಿಲ್ಲ. ನಾನು ಹನಿ ಹಾಕಿದ್ದೇ ಹಾಕಿದ್ದು. ನಾಲ್ಕನೆಯ ದಿನ ಮುಂಜಾನೆ ವಾರ್ಡನ್ ಸಾಹೇಬರು ಕೋಣೆಗಳನ್ನು ನೋಡುತ್ತ ಬಂದರು. ಅವನು ಕಂಬಳಿ ಹೊದ್ದು ಗೋಡೆಗೆ ಒರಗಿದ್ದ, ತುಟಿ ಒಣಗಿ ಬಿಳಿಚಿತ್ತು. ಸಾಹೇಬರು ಕೇಳಿದ್ದು ಅವನನ್ನೇ. ಅವನು ಬಾಯಿ ತೆರೆದ, ಮಾತು ಹೊರಡಲು ತಡವಾಯಿತು. ಅಷ್ಟರಲ್ಲಿ ನಾನು ಎದ್ದು ನಿಂತು, ನೆಟ್ಟಗೆ, ತೊಗರಿ ಚೀಲದ ಮುಂದೆ ನಿಂತ ಹಾಗೆ, “ವೆರಿ ವೆಲ್, ಸರ್” ಅಂದೆ.

ಸಾಹೇಬರು ತಲೆಯಾಡಿಸಿ ಮುಂದೆ ಹೋದರು. ಅವನು ನನ್ನ ಕಡೆ ನೋಡಿದ. ಏನು ಹೇಳುವವನಿದ್ದನೋ, ನಾನು ಕೇಳಲಿಲ್ಲ. ಅವನನ್ನು ರೈಲು ಹತ್ತಿಸಿದರೆ ಜೊತೆಗೆ ನನ್ನನ್ನೂ ಹತ್ತಿಸುತ್ತಾರೆ ಅನ್ನುವ ಹೆದರಿಕೆಯೂ ನನ್ನೊಳಗಿತ್ತು. ಇಷ್ಟು ವರ್ಷವಾದ ಮೇಲೆ ಅದನ್ನು ಮುಚ್ಚಿಟ್ಟು ಏನು ಮಾಡಲಿ?

ಮತ್ತೆರಡು ದಿನಕ್ಕೆ ಅವನಿಗೆ ಎಚ್ಚರ ತಪ್ಪಿತು. ಆಗ ಕೂಗಾಡಿದೆ, ಆಸ್ಪತ್ರೆಗೆ ಒಯ್ದರು. ವಿಷಮಜ್ವರ, ತಡವಾಯಿತು ಅಂದರು ಡಾಕ್ಟರು. ಅವನು ಉಳಿಯಲಿಲ್ಲ. ಅಣ್ಣ ತಿರುಗಿ ಬಂದಾಗ ಕೋಣೆಯಲ್ಲಿ ನಾನೊಬ್ಬನೇ ಇದ್ದೆ, ಮೂಲೆಯಲ್ಲಿ ಅವನ ಕಂಬಳಿ.

“ಸಾಹೇಬ್ರು ಕೇಳಿದಾಗ ಅಂವ ಏನಂದ?”

“ವೆರಿ ವೆಲ್ ಅಂದನ್ರಿ ಅಣ್ಣಾರ” ಅಂದೆ ನಾನು.

ಅವರು ಹಾಗೆಯೇ ಟ್ರಂಕಿನ ಮೇಲೆ ಕುಳಿತುಬಿಟ್ಟರು. ಮರುದಿನ ಅವನ ತಂದೆ ಜೇವರ್ಗಿಯಿಂದ ಬಂದರು. ಅಣ್ಣ ಅವರ ಕಾಲಿಗೆ ಬಿದ್ದು, “ನಾನ ಕಲಿಸಿದ್ದೆರಿ ಅದನ್ನ, ನಾನ ಕಲಿಸಿದ್ದೆ” ಅನ್ನುತ್ತಿದ್ದರು. ಆ ಮುದುಕರು ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಬಾಗಿಲಲ್ಲಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು.

ಅಣ್ಣ ಆ ವಾರವೇ ಓದು ಬಿಟ್ಟು ಆಳಂದಕ್ಕೆ ಹೋದರು. ನಾನು ಪಾಸಾಗಿ ಮಾಸ್ತರಿಕೆ ಹಿಡಿದೆ. ಆಮೇಲೆ ಕೇಳಿದ ಮಾತು: ಪ್ರತಿ ವರ್ಷ ಕಾಲೇಜು ತೆರೆಯುವ ದಿನಗಳಲ್ಲಿ ಅವರು ಮೋಟಾರು ಸ್ಟ್ಯಾಂಡಿನಲ್ಲಿ ನಿಂತು, ಗಡಿಯಾಚೆ ಹೊರಟ ಹುಡುಗರನ್ನು ತಡೆದು, ‘ನನಗೆ ಜ್ವರ ಬಂದಿದೆ’ ಅನ್ನುವುದನ್ನು ಮರಾಠಿಯಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ ಬಾಯಿಪಾಠ ಹೇಳಿಸುತ್ತಿದ್ದರಂತೆ. ಹುಡುಗರು ನಗುತ್ತಿದ್ದರು. ಮೋಟಾರಿನವನು ಭೋಂಪು ಒತ್ತುತ್ತಿದ್ದ. ಹೇಳದೆ ಹತ್ತಗೊಡುತ್ತಿರಲಿಲ್ಲ ಅಣ್ಣ.

ಒಮ್ಮೆ ನಿಜ ಹೇಳಿಯೇ ಬಿಡಬೇಕೆಂದು ಆಳಂದಕ್ಕೆ ಹೋದೆ. ಕೂದಲು ಆಗಲೇ ಬೆಳ್ಳಗಾಗಿತ್ತು, ಮೂವತ್ತೂ ದಾಟದ ಮನುಷ್ಯನಿಗೆ. ನನ್ನ ಹಣೆ ಮುಟ್ಟಿ ನೋಡಿ, “ಆರಾಮದೀಯೇನೋ?” ಅಂದರು.

“ಆರಾಮ ಅದೀನ್ರಿ ಅಣ್ಣಾರ” ಅಂದೆ. ಚಹಾ ಕುಡಿದು ಬಂದೆ.

ಅಣ್ಣ ತೀರಿಹೋದ ಸುದ್ದಿ ತಿಂಗಳು ಕಳೆದ ಮೇಲೆ ಮುಟ್ಟಿತು. ಇನ್ನು ಹೇಳುವುದು ಯಾರಿಗೆ...

ಮೊಮ್ಮಗಳು ಕರವಸ್ತ್ರ ಮುಷ್ಟಿಯಲ್ಲಿ ಹಿಡಿದು ಮಲಗಿದ್ದಳು. ನನ್ನ ಚಹಾ ಆರಿ ಕೆನೆಗಟ್ಟಿದ್ದು ನೋಡಿ ಸೊಸೆ ಹತ್ತಿರ ಬಂದಳು. “ಯಾಕ್ರಿ ಮಾವಾರ, ಆರಾಮಿಲ್ಲೇನು?”

“ಆರಾಮ ಅದೀನವ್ವ” ಅಂದೆ.